ದಿನವಿಡೀ ಸುಸ್ತಾಗ್ದಂಗೆ ಟೈಮೂ ಎನರ್ಜಿನೂ ನೋಡ್ಕೊಳ್ಳೋದು ಹೇಗೆ: ನಮ್ಮ ಚಿಕ್ಕಮಗಳೂರು ಕಡೆಯವರಿಗೊಂದು ಪೂರ್ತಿ ಗೈಡ್

ಟೈಮ್ ಮ್ಯಾನೇಜ್‌ಮೆಂಟ್ ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಸಿಗೋ ವಿಡಿಯೋಗಳಲ್ಲಿ ಮುಕ್ಕಾಲುಪಾಲು ಒಂದೇ ಮಾತು ಹೇಳ್ತವೆ, ಬೆಳಿಗ್ಗೆ ನಾಲ್ಕಕ್ಕೆ ಎದ್ದೇಳಿ, ಅರ್ಧರ್ಧ ಗಂಟೆಗೂ ಪ್ಲ್ಯಾನ್ ಬರೀರಿ, ಒಂದು ನಿಮಿಷನೂ ವೇಸ್ಟ್ ಮಾಡ್ಬೇಡಿ ಅಂತ. ನಮ್ಮ ಕಡೆ ಬದುಕೋರಿಗೆ ಇದು ಹೊಂದಲ್ಲ. ಜುಲೈ ಮಳೆಯಲ್ಲಿ ಕರೆಂಟ್ ಹೋದ್ರೆ ಯಾವಾಗ ಬರತ್ತೋ ಗೊತ್ತಿಲ್ಲ, ಕೊಯ್ಲಿನ ಟೈಮಲ್ಲಿ ಬೆಳಿಗ್ಗೆ ಆಳು ಎಷ್ಟು ಜನ ಬರ್ತಾರೆ ಅನ್ನೋದರ ಮೇಲೆ ಇಡೀ ದಿನ ನಿಂತಿರತ್ತೆ, ಹೋಂಸ್ಟೇ ಇಟ್ಕೊಂಡೋರಿಗೆ ಶನಿವಾರ ಭಾನುವಾರ ಅನ್ನೋದೇ ರಜಾ ಅಲ್ಲ. ಗಂಟೆ ಗಂಟೆಗೂ ಬರೆದಿಟ್ಟ ಪ್ಲ್ಯಾನು ಬೆಳಿಗ್ಗೆ ಹತ್ತೂವರೆಗೇ ಕೆಟ್ಟುಹೋಗತ್ತೆ, ಆಮೇಲೆ ರಾತ್ರಿ ತನಕ ಇವತ್ತು ಏನೂ ಆಗ್ಲಿಲ್ಲ ಅನ್ನೋ ಬೇಜಾರು.

ನಾನು ಹೇಳೋ ದಾರಿ ಬೇರೆ. ಎಲ್ರಿಗೂ 24 ಗಂಟೆ ಇದ್ರೂ ಬಹಳ ಜನಕ್ಕೆ ತಲೆ ನಿಜವಾಗ್ಲೂ ಚುರುಕಾಗಿ ಓಡೋದು ದಿನಕ್ಕೆ ಮೂರ್ನಾಲ್ಕು ಗಂಟೆ ಅಷ್ಟೇ. ಆ ಗಂಟೆಗಳು ಯಾವಾಗ ಬರ್ತವೆ ಅಂತ ಗಮನಿಸಿ, ಅದನ್ನ ಯಾರೂ ಕಿತ್ಕೊಳ್ದಂಗೆ ಕಾಪಾಡ್ಕೊಂಡು, ಉಳಿದ ಕೆಲಸಾನೆಲ್ಲ ಅದರ ಸುತ್ತ ಜೋಡಿಸ್ಕೊಂಡ್ರೆ ಸಾಕು. ಹೇಗೆ ಅಂತ ಒಂದೊಂದಾಗಿ ಬರೀತೀನಿ, ಎಲ್ಲಾನೂ ಒಂದೇ ದಿನ ಶುರು ಮಾಡ್ಬೇಡಿ, ವಾರಕ್ಕೊಂದು ಹೆಜ್ಜೆ ಇಟ್ರೆ ನಿಲ್ಲತ್ತೆ.

ಹೆಜ್ಜೆ 1: ಒಂದು ವಾರ ಸುಮ್ನೆ ಗಮನಿಸಿ

ಮೊದಲ ವಾರ ಏನನ್ನೂ ತಿದ್ದೋಕೆ ಹೋಗ್ಬೇಡಿ. ಜೇಬಲ್ಲಿ ಹಿಡಿಸೋ ಒಂದು ಸಣ್ಣ ಪುಸ್ತಕ, ಒಂದು ಪೆನ್ನು ಇಟ್ಕೊಳ್ಳಿ. ಎದ್ದು ಒಂದು ಗಂಟೆ ಆದ್ಮೇಲೆ, ಹನ್ನೊಂದಕ್ಕೆ, ಮಧ್ಯಾಹ್ನ ಎರಡೂವರೆಗೆ, ಸಂಜೆ ಐದೂವರೆಗೆ, ರಾತ್ರಿ ಎಂಟೂವರೆಗೆ, ಹೀಗೆ ದಿನಕ್ಕೆ ಐದು ಸಲ ಎರಡೆರಡು ನಂಬರ್ ಬರೀರಿ. ಒಂದು ಮೈಗೆ, ಒಂದು ತಲೆಗೆ. 1 ಅಂದ್ರೆ ಮಲಗಿಬಿಡೋಣ ಅನ್ಸೋ ಸ್ಥಿತಿ, 5 ಅಂದ್ರೆ ಪೂರ್ತಿ ಗೆಲುವು. ಪಕ್ಕದಲ್ಲಿ ಅದಕ್ಕೆ ಮುಂಚೆ ಏನು ಮಾಡ್ತಿದ್ರಿ, ಏನು ತಿಂದ್ರಿ, ಯಾರ ಹತ್ರ ಮಾತಾಡಿದ್ರಿ ಅಂತ ನಾಲ್ಕು ಪದ. "11 ಗಂಟೆ, ಮೈ 4, ತಲೆ 5, ಸ್ಟಾಕ್ ಲೆಕ್ಕ ಸಲೀಸಾಗಿ ಆಯ್ತು." "2.30, ಮೈ 2, ತಲೆ 2, ಊಟ ಜಾಸ್ತಿ, ಬ್ಯಾಂಕಿನಲ್ಲಿ ನಿಂತು ನಿಂತು ಸಾಕಾಯ್ತು." ಇಷ್ಟೇ. ಮೊಬೈಲ್ ಆ್ಯಪಲ್ಲಿ ಬರೀಬೇಡಿ ಅಂತ ಯಾಕೆ ಹೇಳ್ತೀನಿ ಅಂದ್ರೆ ನಂಬರ್ ಹಾಕೋಕೆ ಅಂತ ಫೋನ್ ಎತ್ಕೊಂಡೋರು ಇಪ್ಪತ್ತು ನಿಮಿಷ ರೀಲ್ಸ್ ನೋಡಿ ವಾಪಸ್ ಇಡ್ತಾರೆ.

ಮೈಗೂ ತಲೆಗೂ ಬೇರೆ ಬೇರೆ ನಂಬರ್ ಯಾಕೆ ಅಂದ್ರೆ ಎರಡೂ ಒಟ್ಟಿಗೆ ಸುಸ್ತಾಗಲ್ಲ. ದಿನಪೂರ್ತಿ ಕಂಪ್ಯೂಟರ್ ಮುಂದೆ ಕೂತವರಿಗೆ ಸಂಜೆ ತಲೆ 1 ಇರತ್ತೆ, ಮೈ 4 ಇರತ್ತೆ, ಅವರು ಹೋಗಿ ಸೋಫಾ ಮೇಲೆ ಬಿದ್ಕೊಂಡ್ರೆ ಇನ್ನೂ ಮಂಕಾಗ್ತಾರೆ, ಅವರಿಗೆ ಬೇಕಾಗಿರೋದು ನಡಿಗೆ. ತೋಟದಲ್ಲಿ ಬೆಳಿಗ್ಗೆಯಿಂದ ಓಡಾಡಿದವರದ್ದು ಉಲ್ಟಾ.

ವಾರ ಮುಗಿಯೋ ಹೊತ್ತಿಗೆ ಒಂದು ಆಕಾರ ಕಾಣ್ಸತ್ತೆ. ನಮ್ಮ ಮಿದುಳಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟೋ ಜಾಗದ ಸ್ವಲ್ಪ ಮೇಲೆ, ದೇಹದ ಗಡಿಯಾರ ಅಂತ ಒಂದು ಸಣ್ಣ ನರಕೋಶಗಳ ಗುಂಪಿದೆ, ಸರಿಸುಮಾರು 24 ಗಂಟೆಯ ಲಯದಲ್ಲಿ ಮೈ ಬಿಸಿ, ಹಾರ್ಮೋನು, ನಿದ್ದೆ, ಎಚ್ಚರ ಎಲ್ಲಾನೂ ಏರಿಳಿಸ್ತಾ ಇರತ್ತೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯತ್ತೆ ಅಂತ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರೋಸ್‌ಬ್ಯಾಶ್, ಮೈಕೇಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಕೆಲವರದ್ದು ಬೆಳಿಗ್ಗೆ ಬೇಗ ಏರತ್ತೆ, ಕೆಲವರದ್ದು ಸಂಜೆ, ಹದಿಹರೆಯದ ಮಕ್ಕಳದ್ದಂತೂ ತಡವಾಗಿಯೇ ಏರತ್ತೆ. ಅದಕ್ಕೆ ಪಿಯುಸಿ ಓದೋ ಮಗ ಬೆಳಿಗ್ಗೆ ಐದಕ್ಕೆ ಎದ್ದು ಪುಸ್ತಕದ ಮುಂದೆ ತೂಕಡಿಸ್ತಾನೆ ಅಂತ ಬಯ್ಯೋ ಮುಂಚೆ ಅವನು ಯಾವ ಗಂಟೇಲಿ ಓದಿದ್ರೆ ತಲೆಗೆ ಹತ್ತತ್ತೆ ಅಂತ ಅವನ ಕೈಲೇ ಬರೆಸಿ ನೋಡಿ.

ಹೆಜ್ಜೆ 2: ಕೆಲಸಾನ ಮೂರು ರಾಶಿ ಮಾಡಿ

ತಲೆ ಕೆಲಸ, ಕೈ ಕೆಲಸ, ಓಡಾಟದ ಕೆಲಸ. ಜಿಎಸ್‌ಟಿ ಲೆಕ್ಕ, ಪರೀಕ್ಷೆಗೆ ಓದೋದು, ಬಟವಾಡೆ ಲೆಕ್ಕ ತಾಳೆ ನೋಡೋದು, ಯಾರಿಗೋ ಕಷ್ಟದ ವಿಷಯ ಹೇಳ್ಬೇಕಾಗಿರೋ ಫೋನ್ ಕರೆ, ಇವೆಲ್ಲ ತಲೆ ಕೆಲಸ. ಪಾತ್ರೆ, ಬಟ್ಟೆ ಮಡಚೋದು, ಬಿಲ್‌ಗಳನ್ನ ಫೈಲಿಗೆ ಹಾಕೋದು ಕೈ ಕೆಲಸ. ತಾಲ್ಲೂಕು ಕಚೇರಿ, ರೇಷನ್ ಅಂಗಡಿ, ಮಾರ್ಕೆಟ್ಟು ಓಡಾಟದ್ದು. ಒಂದೇ ಕಸುಬಿನೊಳಗೂ ಈ ಭೇದ ಇರತ್ತೆ, ಟೈಲರಿಂಗ್ ಮಾಡೋ ಹೆಂಗಸರನ್ನ ಕೇಳಿ ನೋಡಿ, ಬ್ಲೌಸ್ ಕಟಿಂಗ್ ಮಾಡೋದು ತಲೆ ಗೆಲುವಾಗಿರೋವಾಗ, ಹುಕ್ಸ್ ಹಾಕೋದು ಹೆಮ್ಮಿಂಗ್ ಮಾಡೋದು ಟಿವಿ ನೋಡ್ತಾನೂ ಆಗತ್ತೆ ಅಂತ ಅವರಿಗೆ ಯಾರೂ ಹೇಳ್ಕೊಡೋದು ಬೇಡ.

ಈಗ ಮೊದಲ ಹೆಜ್ಜೆಯ ಪುಸ್ತಕ ತೆಗೀರಿ. ತಲೆ 4, 5 ಇರೋ ಗಂಟೆಗೆ ತಲೆ ಕೆಲಸ, 2, 3 ಇರೋ ಹೊತ್ತಿಗೆ ಕೈ ಕೆಲಸ, ಮೈ ಚೆನ್ನಾಗಿದ್ದು ತಲೆ ದಣಿದಿರೋ ಹೊತ್ತಿಗೆ ಓಡಾಟ. ನಾವು ಸಾಮಾನ್ಯವಾಗಿ ಮಾಡೋದು ಇದಕ್ಕೆ ವಿರುದ್ಧ, ಒಳ್ಳೆ ಹತ್ತು ಗಂಟೆ ಹೊತ್ತಲ್ಲಿ ವಾಟ್ಸಾಪ್ ಮೆಸೇಜಿಗೆ ಉತ್ತರ ಕೊಟ್ಟು, ಕರೆಂಟ್ ಬಿಲ್ ಕಟ್ಟಿ, ಸಣ್ಣ ಪುಟ್ಟದ್ದೆಲ್ಲ ಮುಗಿಸಿ, ದೊಡ್ಡ ಕೆಲಸಾನ ಮಧ್ಯಾಹ್ನ ಊಟ ಆದ್ಮೇಲೆ ಹಿಡ್ಕೊಳ್ತೀವಿ.

ಹೆಜ್ಜೆ 3: ಬೆಳಗಿನ ಮೊದಲ ಗಂಟೆ, ಬೆಳಕು ಮತ್ತು ಕಾಫಿ

ಎಷ್ಟು ಗಂಟೆಗೆ ಏಳ್ತೀರಿ ಅನ್ನೋದಕ್ಕಿಂತ ದಿನಾ ಒಂದೇ ಹೊತ್ತಿಗೆ ಏಳೋದು ಮುಖ್ಯ, ಭಾನುವಾರನೂ ಅರ್ಧ ಮುಕ್ಕಾಲು ಗಂಟೆಗಿಂತ ಜಾಸ್ತಿ ವ್ಯತ್ಯಾಸ ಬೇಡ. ಎದ್ದ ಮೇಲೆ ಹತ್ತು ಹದಿನೈದು ನಿಮಿಷ ಹೊರಗೆ ನಿಲ್ಲಿ. ದೇಹದ ಗಡಿಯಾರ ದಿನಾ ಸರಿಹೋಗೋದು ಕಣ್ಣಿಗೆ ಬೀಳೋ ಬೆಳಗಿನ ಬೆಳಕಿಂದ. ಮಳೆಗಾಲದಲ್ಲಿ ಮೂರ್ನಾಲ್ಕು ದಿನ ಸೂರ್ಯನೇ ಕಾಣಲ್ಲ, ಮತ್ತೆಲ್ಲಿಯ ಬೆಳಕು ಅಂತ ಕೇಳ್ಬಹುದು. ಮೋಡ ಕವಿದಿದ್ರೂ ಹೊರಗಿನ ಬೆಳಕು ಸಾವಿರಾರು ಲಕ್ಸ್ (ಬೆಳಕನ್ನ ಅಳೆಯೋ ಮಾನ) ಇರತ್ತೆ, ಮನೆಯೊಳಗೆ ಲೈಟ್ ಹಾಕಿದ್ರೂ ಕೆಲವು ನೂರು ಲಕ್ಸ್ ದಾಟೋದು ಕಷ್ಟ. ಅದರಲ್ಲೂ ನಮ್ಮ ಹಳೇ ಹೆಂಚಿನ ಮನೆಗಳು, ಮಳೆಗೆ ಅಂತ ತಗ್ಗಿಸಿದ ಸೂರು, ಒಳಗೆ ಹಗಲಲ್ಲೂ ಕತ್ತಲೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಹಳ ಜನ ಕಾರಣ ಇಲ್ದೆ ಮಂಕಾಗಿರ್ತಾರಲ್ಲ, ಅವರು ಜಗಲಿಗೆ ಬಂದು ಹೊರಗೆ ಮುಖ ಮಾಡಿ ಕೂತು ಕಾಫಿ ಕುಡಿಯೋದನ್ನಾದ್ರೂ ಮಾಡಿ ನೋಡ್ಲಿ.

ಈಗ ಕಾಫಿ ವಿಷಯ, ಇದನ್ನ ಬಿಟ್ಟು ನಮ್ಮೂರಲ್ಲಿ ಎನರ್ಜಿ ಬಗ್ಗೆ ಬರೆಯೋಕಾಗಲ್ಲ. ಸುಮಾರು 1670ರಲ್ಲಿ ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಇಲ್ಲಿನ ಗಿರಿಯಲ್ಲಿ ನೆಟ್ರು ಅಂತ ಪ್ರತೀತಿ, ಆವತ್ತಿಂದ ನಮಗೆ ಸುಸ್ತು ಅಂದ್ರೆ ಕಾಫಿ, ನೆಂಟ್ರು ಅಂದ್ರೆ ಕಾಫಿ, ಸುಮ್ನಿದ್ರೂ ಕಾಫಿ. ಆದ್ರೆ ಕಾಫಿ ಎನರ್ಜಿ ಕೊಡಲ್ಲ, ಸುಸ್ತಿನ ಸುದ್ದಿ ತಡೆಯತ್ತೆ. ಎಚ್ಚರ ಇರೋ ಅಷ್ಟೂ ಹೊತ್ತು ಮಿದುಳಲ್ಲಿ ಅಡಿನೋಸಿನ್ ಅನ್ನೋ ವಸ್ತು ಸೇರ್ತಾ ಹೋಗತ್ತೆ, ಅದು ಹೋಗಿ ಕೂರೋ ಜಾಗದಲ್ಲಿ ಕೆಫೀನ್ ಮೊದಲೇ ಹೋಗಿ ಕೂತ್ಬಿಡತ್ತೆ, ನಮಗೆ ನಿದ್ದೆ ಬಂದಿರೋದು ಗೊತ್ತಾಗಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗೋಕೇ ಸುಮಾರು ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ, ಗರ್ಭಿಣಿಯರಿಗಂತೂ ಬಹಳ ಜಾಸ್ತಿ. ಅಂದ್ರೆ ಸಂಜೆ ಐದಕ್ಕೆ ಕುಡಿದ ಕಾಫಿಯ ಅರ್ಧ ಭಾಗ ರಾತ್ರಿ ಹತ್ತಕ್ಕೂ ಮೈಯಲ್ಲೇ ಇದೆ. ನನಗೆ ರಾತ್ರಿ ಕುಡಿದ್ರೂ ನಿದ್ದೆ ಬರತ್ತೆ ಅನ್ನೋರಿಗೂ ಗಾಢ ನಿದ್ದೆ ಕಡಿಮೆ ಆಗತ್ತೆ, ಬೆಳಿಗ್ಗೆ ಮಂಕಾಗಿ ಎದ್ದು ಮತ್ತೆ ದೊಡ್ಡ ಲೋಟ ಕಾಫಿ ಕುಡೀತಾರೆ, ಹೀಗೇ ಸುತ್ತು.

ಮಾಡ್ಬೇಕಾಗಿದ್ದು ಏನಂದ್ರೆ ಕೊನೆ ಕಾಫಿಯನ್ನ ಮಧ್ಯಾಹ್ನ ಎರಡು, ಹೆಚ್ಚಂದ್ರೆ ಮೂರು ಗಂಟೆಗೆ ಮುಗಿಸೋದು. ಟೀ ಕೂಡ ಲೆಕ್ಕಕ್ಕೆ ಬರತ್ತೆ. ಪುಡಿ ಅಂಗಡಿಯಲ್ಲಿ ಯಾವ ಬೀಜ ಎಷ್ಟು, ಚಿಕೋರಿ ಎಷ್ಟು ಅಂತ ಕೇಳಿಯೇ ತಗೊಳ್ಳೋರು ನಾವು, ಅಲ್ಲೇ ಒಂದು ಉಪಾಯ ಇದೆ. ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್ ಇರತ್ತೆ, ಚಿಕೋರಿಯಲ್ಲಿ ಕೆಫೀನೇ ಇಲ್ಲ. ಬೆಳಿಗ್ಗೆಗೆ ಒಂದು ಪುಡಿ, ಮಧ್ಯಾಹ್ನದ ಲೋಟಕ್ಕೆ ಅರೇಬಿಕಾ ಜಾಸ್ತಿ ಇರೋ ಇನ್ನೊಂದು ಪುಡಿ ಇಟ್ಕೊಳ್ಬಹುದು. ಸಂಜೆಗೆ ಕೈಗೆ ಏನಾದ್ರೂ ಬಿಸಿ ಬೇಕೇ ಬೇಕು ಅನ್ನೋರಿಗೆ ಜೀರಿಗೆ ಕಷಾಯ ಇದೆ.

ಹೆಜ್ಜೆ 4: ಒಳ್ಳೆ ಗಂಟೆಗಳಿಗೆ ಬೇಲಿ ಹಾಕಿ

ನಿಮ್ಮ ಒಳ್ಳೆ ಹೊತ್ತು ಒಂಬತ್ತೂವರೆಯಿಂದ ಹನ್ನೊಂದೂವರೆ ಅಂತಿಟ್ಕೊಳ್ಳಿ. ಆ ಹೊತ್ತಲ್ಲಿ ಫೋನು ಬೇರೆ ಕೋಣೆಯಲ್ಲಿರ್ಲಿ. ಸೈಲೆಂಟಲ್ಲಿ ಎದುರಿಗೇ ಇಟ್ಕೊಂಡ್ರೆ ಪ್ರಯೋಜನ ಇಲ್ಲ, ಕಣ್ಣು ಅಲ್ಲಿಗೇ ಹೋಗತ್ತೆ. ಮನೆಯವರಿಂದ ಮಾತ್ರ ರಿಂಗ್ ಆಗೋ ಹಾಗೆ ಸೆಟ್ಟಿಂಗ್ ಮಾಡ್ಕೊಂಡ್ರೆ ಭಯ ಇರಲ್ಲ.

ಎಷ್ಟು ಹೊತ್ತು ಸತತವಾಗಿ ಕೂರ್ಬೇಕು? ನಿದ್ದೆಯ ಬಗ್ಗೆ ಸಂಶೋಧನೆ ಮಾಡಿದ ನಥಾನಿಯಲ್ ಕ್ಲೈಟ್‌ಮನ್, ನಿದ್ದೆಯಲ್ಲಿರೋ ಸುಮಾರು 90 ನಿಮಿಷದ ಏರಿಳಿತ ಎಚ್ಚರದಲ್ಲೂ ಇರತ್ತೆ ಅಂತ ವಾದ ಮಾಡಿದ್ರು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ಅಡುಗೆಮನೆಯ ಟೈಮರ್ ಇಟ್ಕೊಂಡು 25 ನಿಮಿಷ ಕೆಲಸ, 5 ನಿಮಿಷ ಬಿಡುವು ಅನ್ನೋ ಪೊಮೊಡೊರೊ ಪದ್ಧತಿ ಮಾಡಿದ್ರು. ನನ್ನ ಪ್ರಕಾರ ಶುರು ಮಾಡೋಕೇ ಮನಸ್ಸು ಬರದ ಕೆಲಸಕ್ಕೆ 25 ನಿಮಿಷ ಒಳ್ಳೇದು, ಒಳಗಿಳಿದು ಮಾಡ್ಬೇಕಾದ ಕೆಲಸಕ್ಕೆ ಅದು ಚಿಕ್ಕದಾಯ್ತು, ಅಲ್ಲಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ತನಕ ಕೂತು ಆಮೇಲೆ ಎದ್ದು ಹೊರಗೆ ಹೋಗಿ ಬರೋದೇ ಸರಿ.

ಮಧ್ಯದಲ್ಲಿ ಯಾರಾದ್ರೂ ಬಂದೇ ಬರ್ತಾರೆ. ಎದ್ದು ಹೋಗೋ ಮುಂಚೆ ಎಲ್ಲಿಗೆ ನಿಲ್ಲಿಸಿದೆ, ಮುಂದೇನು ಮಾಡ್ಬೇಕು ಅಂತ ಒಂದೇ ಸಾಲು ಬರೆದಿಡಿ. ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದ್ರೆ ಗಮನದ ಒಂದು ಪಾಲು ಹಿಂದಿನದ್ದಕ್ಕೇ ಅಂಟ್ಕೊಂಡಿರತ್ತೆ ಅಂತ ಸೋಫಿ ಲೆರಾಯ್ ಅನ್ನೋ ಸಂಶೋಧಕಿ 2009ರಲ್ಲೇ ತೋರಿಸಿದಾರೆ. ಆ ಒಂದು ಸಾಲು ಬರೆದ್ರೆ ತಲೆಗೆ ಸಮಾಧಾನ, ಬಂದವರ ಹತ್ರನೂ ಮನಸ್ಸಿಟ್ಟು ಮಾತಾಡ್ಬಹುದು.

ಮನೆ ನಡೆಸೋ ಹೆಂಗಸರಿಗೆ ಎರಡು ಗಂಟೆ ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ ಅಂತ ಹೇಳೋದು ಅನ್ಯಾಯ, ಅದು ನನಗೆ ಚೆನ್ನಾಗಿ ಗೊತ್ತು. ಸ್ಕೂಲ್ ವ್ಯಾನ್ ಹೋದ್ಮೇಲೆ ಮಧ್ಯಾಹ್ನದ ಅಡುಗೆಗೆ ಕೈ ಹಾಕೋ ಮುಂಚೆ ಒಂದು ಮುಕ್ಕಾಲು ಗಂಟೆ ಸಿಗತ್ತಲ್ಲ, ಅದನ್ನ ನಿಮ್ಮದು ಅಂತ ಇಟ್ಕೊಳ್ಳಿ, ಆ ಹೊತ್ತಲ್ಲಿ ಪಾತ್ರೆ ಸಿಂಕಲ್ಲೇ ಇರ್ಲಿ. ಇನ್ನೊಂದು ಮಾತು ಗಂಡಸರಿಗೆ: ಮನೆಯಲ್ಲಿ ಒಬ್ಬರೇ ಬೆಳಿಗ್ಗೆ ಐದೂವರೆಯಿಂದ ರಾತ್ರಿ ಹತ್ತೂವರೆ ತನಕ ನಿಂತೇ ಇದ್ರೆ ಅದಕ್ಕೆ ಯಾವ ಉಸಿರಾಟದ ಟೆಕ್ನಿಕ್ಕೂ ಪರಿಹಾರ ಅಲ್ಲ. ಪುಸ್ತಕದಲ್ಲಿ ಅವರದ್ದೂ ನಂಬರ್ ಬರೀರಿ, ಯಾವ ಹೊತ್ತಲ್ಲಿ 1, 2 ಇದೆಯೋ ಆ ಹೊತ್ತಿನ ಕೆಲಸ ನೀವು ತಗೊಳ್ಳಿ.

ಹೆಜ್ಜೆ 5: ಕೆಲಸ ಕೆಲಸದ ಮಧ್ಯೆ ಒಂದು ನಿಮಿಷ

ಈ ಇಡೀ ಗೈಡಲ್ಲಿ ಒಂದನ್ನ ಮಾತ್ರ ಮಾಡ್ತೀನಿ ಅಂದ್ರೆ ಇದನ್ನೇ ಮಾಡಿ. ಮೈಂಡ್‌ಫುಲ್‌ನೆಸ್ ಅಂದ್ರೆ ಕಣ್ಮುಚ್ಚಿ ಒಂದು ಗಂಟೆ ಕೂರೋದು ಅಂದ್ಕೊಂಡು ಜನ ಹೆದರ್ತಾರೆ. ಬೌದ್ಧ ಧ್ಯಾನದಿಂದ ಬಂದಿದ್ದನ್ನ ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಸ್ಪತ್ರೆಯಲ್ಲಿ ದೀರ್ಘಕಾಲದ ನೋವಿರೋರಿಗೆ ಒಂದು ಕೋರ್ಸ್ ಮಾಡಿ ಕೊಟ್ರು, ಅಲ್ಲಿಂದ ಲೋಕಕ್ಕೆಲ್ಲ ಹರಡ್ತು. ಅದರ ತಿರುಳು ಏನಂದ್ರೆ ಈಗ ಏನಾಗ್ತಿದೆ ಅನ್ನೋದನ್ನ ಸರಿ ತಪ್ಪು ಅನ್ನದೆ ನೋಡೋದು. ಅದಕ್ಕೆ ಒಂದು ನಿಮಿಷನೂ ಸಾಕು.

ಮಾಡೋದು ಹೀಗೆ. ನಿಂತಲ್ಲೇ ನಿಲ್ಲಿ. ಪಾದ ನೆಲಕ್ಕೆ ತಾಗಿರೋದು ಗೊತ್ತಾಗ್ಲಿ. ಹಲ್ಲು ಕಚ್ಕೊಂಡಿದೀರಾ, ಭುಜ ಕಿವಿ ತನಕ ಏರಿದೆಯಾ ನೋಡಿ, ಇದ್ರೆ ಸಡಿಲ ಬಿಡಿ. ಮೂಗಲ್ಲಿ ನಾಲ್ಕು ಎಣಿಸೋವರೆಗೆ ಉಸಿರು ತಗೊಂಡು, ಆರು ಎಣಿಸೋವರೆಗೆ ಬಿಡಿ, ಐದಾರು ಸಲ. ಉಸಿರು ಬಿಡೋವಾಗ ಹೃದಯದ ಬಡಿತ ಸ್ವಲ್ಪ ನಿಧಾನ ಆಗತ್ತೆ, ಅದಕ್ಕೇ ಬಿಡೋದು ಉದ್ದ ಇರ್ಬೇಕು. ಆಮೇಲೆ ನಿಮ್ಮನ್ನ ನೀವೇ ಕೇಳ್ಕೊಳ್ಳಿ, ಈಗ ನನಗೆ ಏನು ಬೇಕು? ನೀರಾ, ಊಟಾನಾ, ಸ್ವಲ್ಪ ಹೊತ್ತು ಯಾರೂ ಮಾತಾಡಿಸ್ದೆ ಇರೋದಾ, ಇಲ್ಲ ಕೆಲಸಾನೇ ಮುಂದುವರಿಸೋದಾ? ಉತ್ತರ ಸಾಮಾನ್ಯವಾಗಿ ಬಹಳ ಸಣ್ಣದಿರತ್ತೆ. ನಾವು ಸುಸ್ತು ಅಂದ್ಕೊಂಡಿದ್ದು ಎಷ್ಟೋ ಸಲ ಬಾಯಾರಿಕೆ ಆಗಿರತ್ತೆ, ಚಳಿಗಾಲ ಮಳೆಗಾಲದಲ್ಲಿ ನಮ್ಮ ಕಡೆಯವರು ನೀರು ಕುಡಿಯೋದನ್ನೇ ಮರೆತಿರ್ತಾರೆ.

ನೆನಪಾಗ್ಬೇಕಲ್ಲ ಅದಕ್ಕೆ ಅಲಾರಂ ಇಡ್ಬೇಡಿ, ದಿನಾ ಮಾಡೋ ಕೆಲಸಕ್ಕೇ ಗಂಟು ಹಾಕಿ. ಗಾಡಿ ಸ್ಟ್ಯಾಂಡ್ ಹಾಕಿದ ಮೇಲೆ, ಮನೆ ಹೊಸ್ತಿಲು ದಾಟೋ ಮುಂಚೆ, ಕುಕ್ಕರ್ ಇಟ್ಟು ಸೀಟಿಗೆ ಕಾಯೋವಾಗ, ತರಗತಿಯ ಬೆಲ್ ಆದಾಗ. ಹಾಸನಕ್ಕೆ ಬೇಲೂರು ಮೇಲೆ ದಿನಾ ಬಸ್ಸಲ್ಲಿ ಓಡಾಡೋರು, ಒಂದು ಕಡೆಗೆ ಅರವತ್ತು ಕಿಲೋಮೀಟರ್ ಹತ್ರ ಆಗತ್ತೆ, ಸಂಜೆ ವಾಪಸ್ ಬರೋವಾಗ ಬೇಲೂರು ತನಕ ಫೋನು ನೋಡಿ, ಬೇಲೂರು ದಾಟಿದ ಮೇಲೆ ಬ್ಯಾಗಿಗೆ ಹಾಕಿಬಿಡಿ, ಕಿಟಕಿ ನೋಡಿ, ಇವತ್ತಿನ ಆಫೀಸು ಮನಸ್ಸಲ್ಲಿ ಮುಗಿಯೋಕೆ ಅಷ್ಟು ಹೊತ್ತು ಬೇಕು. ಇಲ್ದಿದ್ರೆ ಆಫೀಸಿನ ಸಿಟ್ಟು ಮನೆಯ ಮಕ್ಕಳ ಮೇಲೆ ಇಳಿಯತ್ತೆ.

ಹೆಜ್ಜೆ 6: ಮಧ್ಯಾಹ್ನದ ಜೊಂಪು

ಒಂದರಿಂದ ಮೂರು ಗಂಟೆ ಮಧ್ಯೆ ತಲೆ ಇಳಿಯೋದು ಸಹಜ, ಊಟ ಮಾಡ್ದೆ ಇದ್ರೂ ಇಳಿಯತ್ತೆ, ಹೊಟ್ಟೆ ತುಂಬ ಅನ್ನ ಉಂಡ್ರೆ ಇನ್ನೂ ಜೋರಾಗಿ ಇಳಿಯತ್ತೆ. ಮುದ್ದೆ ಆಗ್ಲಿ ಅನ್ನ ಆಗ್ಲಿ ಸ್ವಲ್ಪ ಕಡಿಮೆ ಮಾಡಿ ಹುರುಳಿ ಕಾಳೋ ಸೊಪ್ಪಿನ ಪಲ್ಯವೋ ಜಾಸ್ತಿ ಹಾಕ್ಕೊಳ್ಳಿ, ಮೊದಲು ಪಲ್ಯ ಕಾಳು ತಿಂದು ಆಮೇಲೆ ಅನ್ನಕ್ಕೆ ಬನ್ನಿ. ಊಟ ಆದ್ಮೇಲೆ ಹತ್ತು ನಿಮಿಷ ನಡೆದ್ರೆ ರಕ್ತದ ಸಕ್ಕರೆ ಒಮ್ಮೆಲೇ ಏರೋದು ತಗ್ಗತ್ತೆ. ಮಲಗೋಕೆ ಅವಕಾಶ ಇರೋರು ಹದಿನೈದು ಇಪ್ಪತ್ತು ನಿಮಿಷ ಮಲಗಿ, ಅಲಾರಂ ಇಟ್ಟು, ಮೂರು ಗಂಟೆಯೊಳಗೆ. ಒಂದು ಗಂಟೆ ಮಲಗಿದ್ರೆ ಗಾಢ ನಿದ್ದೆಯಿಂದ ಏಳ್ಬೇಕಾಗತ್ತೆ, ಎದ್ಮೇಲೆ ಅರ್ಧ ಗಂಟೆ ಮಂಕು ಬಿಡಲ್ಲ, ರಾತ್ರಿ ನಿದ್ದೆನೂ ಹಾಳು. ಕೆಫೀನ್ ಕೆಲಸ ಶುರು ಮಾಡೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕಾಗೋದ್ರಿಂದ ದಿನದ ಕೊನೆ ಕಾಫಿ ಕುಡಿದು ತಕ್ಷಣ ಮಲಗಿ ಏಳೋರೂ ಇದಾರೆ, ಅದೂ ಒಳ್ಳೆ ಉಪಾಯ.

ಹೆಜ್ಜೆ 7: ಜನ

ನಮ್ಮ ಕಡೆ ಬಂದವರನ್ನ ಬರಬೇಡಿ ಅನ್ನೋದು ಇಲ್ಲ, ಅನ್ನೋದೂ ಬೇಡ. ಆದ್ರೆ "ಆರು ಗಂಟೆ ಮೇಲೆ ಬನ್ನಿ ಅಣ್ಣ, ಕೂತು ಮಾತಾಡೋಣ" ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ, ಅರ್ಧ ಮನಸ್ಸಲ್ಲಿ ಕೂರ್ಸಿ ಗಡಿಯಾರ ನೋಡಿದ್ರೇ ಬೇಜಾರು. ಹಾಗೇ ವಾಟ್ಸಾಪ್ ಗ್ರೂಪುಗಳನ್ನ ಮ್ಯೂಟ್ ಮಾಡಿ ದಿನಕ್ಕೆ ಮೂರು ಹೊತ್ತು ಮಾತ್ರ ತೆರೀರಿ. ಅರ್ಜೆಂಟ್ ಇದ್ದೋರು ಫೋನ್ ಮಾಡ್ತಾರೆ.

ಹೆಜ್ಜೆ 8: ರಾತ್ರಿ

ದೊಡ್ಡವರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು, ಇದರಲ್ಲಿ ಚೌಕಾಸಿ ಇಲ್ಲ. ಮಲಗೋ ಮುಂಚೆ ಐದು ನಿಮಿಷ, ನಾಳೆ ಮಾಡ್ಬೇಕಾದ್ದನ್ನ ಕಾಗದದ ಮೇಲೆ ಬರೀರಿ, ಮುಖ್ಯವಾದ ಮೂರಕ್ಕೆ ಗೆರೆ ಎಳೀರಿ. 2018ರಲ್ಲಿ ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿದಾಗ ಮುಂದಿನ ಕೆಲಸಗಳ ಪಟ್ಟಿ ಬರೆದು ಮಲಗಿದವರು, ಮುಗಿದ ಕೆಲಸಗಳನ್ನ ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದ್ರು. ಫೋನು ಮಲಗೋ ಕೋಣೆಯ ಹೊರಗೆ ಚಾರ್ಜಿಗೆ ಹಾಕಿ.

ಬೇಸಿಗೆಯಲ್ಲಿ ರಾತ್ರಿ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಬಂದಾಗ ಎದ್ದು ಸ್ಪ್ರಿಂಕ್ಲರ್ ಓಡಿಸೋರಿಗೆ, ನೈಟ್ ಡ್ಯೂಟಿ ನರ್ಸ್‌ಗಳಿಗೆ, ಟ್ಯಾಕ್ಸಿ ಓಡಿಸೋರಿಗೆ ಏಳು ಗಂಟೆ ಒಟ್ಟಿಗೆ ಸಿಗಲ್ಲ. ಅವರು ಎರಡು ಕಂತಲ್ಲಾದ್ರೂ ಪೂರೈಸ್ಕೊಳ್ಳಿ, ಹಗಲು ಮಲಗೋ ಕೋಣೆಗೆ ದಪ್ಪ ಪರದೆ ಹಾಕಿ. ನಿದ್ದೆಗೆಟ್ಟ ಮಾರನೇ ದಿನ ಚಾರ್ಮಾಡಿ ಘಾಟಿ ಇಳಿಯೋಕೆ ಮಾತ್ರ ಹೋಗ್ಬೇಡಿ. ಸತತ 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಚುರುಕು ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದವರಷ್ಟು ಕುಗ್ಗಿರತ್ತೆ ಅಂತ ಪ್ರಯೋಗಗಳು ತೋರಿಸಿವೆ, ನಮ್ಮ ದೇಶದಲ್ಲಿ ಗಾಡಿ ಓಡಿಸೋಕೆ ಕಾನೂನಿನ ಮಿತಿಯೇ 0.03%.

ಹೆಜ್ಜೆ 9: ಕಾಲ ಬದಲಾದಾಗ ಪುಸ್ತಕ ಮತ್ತೆ ತೆಗೀರಿ

ನವೆಂಬರ್‌ನಿಂದ ಫೆಬ್ರವರಿ ಮಾರ್ಚ್ ತನಕ ಮೊದಲು ಅರೇಬಿಕಾ ಆಮೇಲೆ ರೋಬಸ್ಟಾ ಕೊಯ್ಲು, ಮಾರ್ಚ್ ಏಪ್ರಿಲ್‌ನಲ್ಲಿ ಕಾಫಿ ಹೂ ಅರಳೋಕೆ ಬೇಕಾದ ಹೂಮಳೆಯ ಚಿಂತೆ, ಜೂನ್ ಮೇಲೆ ಮಳೆ. ಕೊಯ್ಲಿನಲ್ಲಿ ಸರಿಹೋಗಿದ್ದ ದಿನಚರಿ ಮಳೆಗಾಲಕ್ಕೆ ಆಗಲ್ಲ. ಹೋಂಸ್ಟೇಯವರು ಸೋಮವಾರ ಮಧ್ಯಾಹ್ನ ಇಲ್ಲ ಮಂಗಳವಾರವನ್ನ ತಮ್ಮ ಭಾನುವಾರ ಅಂತ ಕ್ಯಾಲೆಂಡರ್‌ನಲ್ಲೇ ಬರೆದಿಟ್ಕೊಳ್ಬೇಕು. ಕಾಲ ಬದಲಾದಾಗೆಲ್ಲ ಒಂದು ವಾರ ಮತ್ತೆ ನಂಬರ್ ಬರೀರಿ, ಸಾಕು.

ಇಷ್ಟೆಲ್ಲ ಮಾಡಿದ್ರೂ ಸುಸ್ತು ಹೋಗ್ದಿದ್ರೆ

ಮೂರ್ನಾಲ್ಕು ವಾರ ನಿದ್ದೆ ಊಟ ಸರಿ ಇಟ್ಕೊಂಡ್ರೂ ತಲೆ ಮೈ ಎರಡೂ 2ರ ಮೇಲೆ ಏರ್ತಿಲ್ಲ ಅಂದ್ರೆ ಅದು ಟೈಮ್ ಮ್ಯಾನೇಜ್‌ಮೆಂಟ್ ವಿಷಯ ಅಲ್ಲ, ಡಾಕ್ಟರ್ ಹತ್ರ ಹೋಗಿ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ನೋಡಿಸ್ಬೇಕಾ ಅಂತ ಕೇಳಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇತ್ತು, ಅಂದ್ರೆ ಸೋಮಾರಿತನ ಅಂತ ಬೈಸ್ಕೊಳ್ಳೋ ಎಷ್ಟೋ ಹೆಂಗಸರಿಗೆ ಬೇಕಾಗಿರೋದು ಕಬ್ಬಿಣದ ಅಂಶ. ಊಟದ ಜೊತೆಗೇ ಇಲ್ಲ ಊಟ ಆದ ತಕ್ಷಣ ಕಾಫಿ ಟೀ ಕುಡಿದ್ರೆ ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತೋದೂ ಕಡಿಮೆ ಆಗತ್ತೆ, ಮಧ್ಯೆ ಒಂದು ಗಂಟೆಯಾದ್ರೂ ಬಿಡಿ, ಅಂದ್ರೆ ಹನ್ನೆರಡೂವರೆಗೆ ಊಟ ಮುಗಿಸಿದ್ರೆ ಒಂದೂವರೆ ಎರಡಕ್ಕೆ ದಿನದ ಕೊನೆ ಕಾಫಿ, ಸರಿಯಾಗತ್ತೆ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಮಧ್ಯೆ ಉಸಿರು ನಿಂತಂಗಾಗೋರು ಮನೆಯಲ್ಲಿದ್ರೆ ಅವರನ್ನೂ ಕರ್ಕೊಂಡು ಹೋಗಿ ತೋರಿಸಿ, ಎಂಟು ಗಂಟೆ ಮಲಗಿದ್ರೂ ಅವರಿಗೆ ನಿದ್ದೆ ಆಗಿರಲ್ಲ. ಹೋಗೋವಾಗ ಆ ಸಣ್ಣ ಪುಸ್ತಕನೂ ತಗೊಂಡು ಹೋಗಿ, ಯಾವಾಗಿಂದ, ಯಾವ ಹೊತ್ತಲ್ಲಿ ಅಂತ ಡಾಕ್ಟರ್ ಕೇಳೋ ಪ್ರಶ್ನೆಗೆಲ್ಲ ಉತ್ತರ ಅದರಲ್ಲಿ ಇರತ್ತೆ.